ಕರುಳಿನ ದಾರಿ ಬಲ್ಲ ಬಲೂನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಬಲೂನಕ್ಕ ಉದ್ದನೆಯ ಕೊಳವೆಯೊಂದರ ತುದಿಯನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ನಿಂತಿದ್ದಾರೆ. ತುದಿಯ ಪುಟ್ಟ ಬಲೂನಿಗೆ ಗಾಳಿ ತುಂಬಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಒಂದು ಗುಳ್ಳೆ ಎದ್ದರೂ ಆ ಕೊಳವೆ ಕಸದ ಬುಟ್ಟಿಗೆ. ಈ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬೀಳುವವರಲ್ಲ.

ಬಾಯಿಂದ ಇಳಿಸಿದ ಕ್ಯಾಮೆರಾ ಜಠರದವರೆಗೆ ಸಲೀಸಾಗಿ ಹೋಗುತ್ತದೆ. ಅದರಾಚೆಗೆ ಸುತ್ತಿಕೊಂಡು ಬಿದ್ದಿರುವ ಸಣ್ಣಕರುಳು ಮಾತ್ರ ಜಪ್ಪಯ್ಯ ಅಂದರೂ ದಾರಿ ಬಿಡದು. ಅದಕ್ಕೇ ಕ್ಯಾಮೆರಾದ ಮೇಲೆ ಕವಚದಂತೆ ಈ ಕೊಳವೆ. ಬಲೂನು ಉಬ್ಬಿ ಕರುಳನ್ನು ಒಳಗಿನಿಂದ ಹಿಡಿದುಕೊಂಡಾಗ ಡಾಕ್ಟರು ಕ್ಯಾಮೆರಾ ತಳ್ಳುತ್ತಾರೆ. ಗಾಳಿ ಬಿಟ್ಟಾಗ ಕೊಳವೆಯೂ ಹಿಂದೆಯೇ ಜಾರಿಬರುತ್ತದೆ. ಮತ್ತೆ ತುಂಬಿ, ಕರುಳು ನೆರಿಗೆಗಟ್ಟಿ ಬರುವಂತೆ ಎರಡನ್ನೂ ಮೆಲ್ಲಗೆ ಹಿಂದಕ್ಕೆಳೆಯಬೇಕು. ಆ ಕೊಳವೆ ಹಿಡಿಯುವ ಕೈ ಬಲೂನಕ್ಕನದು.

"ಲಂಗಕ್ಕೆ ಲಾಡಿ ಪೋಣಿಸಲ್ವಾ, ಅದೇ ಕೆಲ್ಸ. ಪಿನ್ನು ಮುಂದೆ ಹೋಗ್ಬೇಕು, ಬಟ್ಟೆ ನೆರಿಗೆಯಾಗಿ ಹಿಂದೆ ಉಳೀಬೇಕು. ಜೋರು ಮಾಡಿದ್ರೆ ಕೆಟ್ಟಿತು," ಎಂದು ನಗುತ್ತಾರೆ.

ಉಪಕರಣ ತೊಳೆಯುವ ಕೆಲಸಕ್ಕೆ ಸೇರಿ, ನೋಡಿ ನೋಡಿಯೇ ಕಲಿತವರು. ಒಮ್ಮೊಮ್ಮೆ ಎರಡು ಗಂಟೆ ನಿಂತಲ್ಲೇ ನಿಲ್ಲಬೇಕು. ಸೊಂಟ ಪದ ಹೇಳುತ್ತದೆ. ಹೆಂಡತಿ ನಿದ್ದೆಯಲ್ಲೂ "ತುಂಬ್ದೆ ಡಾಕ್ಟ್ರೇ" ಅಂತಾಳೆ ಎನ್ನುವುದು ಗಂಡನ ದೂರು. ರೋಗಿಗಳು ಡಾಕ್ಟರಿಗಷ್ಟೇ ಕೈಮುಗಿದು ಹೋಗುತ್ತಾರಲ್ಲ ಎಂದರೆ, "ನಿದ್ದೆ ಮಾಡ್ತಿದ್ದೋರಿಗೆ ನನ್ನ ಮುಖ ಹೇಗ್ರೀ ಗೊತ್ತಿರುತ್ತೆ?" ಎಂದು ಕೇಳುತ್ತಾರೆ.

ಇಂದಿನ ರೋಗಿಗೆ ಮಾತ್ರ ಆ ಮುಖ ಚೆನ್ನಾಗಿಯೇ ಗೊತ್ತು. ಮಂಚದ ಮೇಲಿರುವುದು ಅವರ ಅತ್ತೆ. ಎರಡು ವರ್ಷದಿಂದ ಒಳಗೆಲ್ಲೋ ರಕ್ತ ಸೋರಿ ಮುದುಕಿ ಬಿಳಿಚಿಕೊಂಡಿದ್ದಾರೆ. ಎಲ್ಲಿಂದ ಎಂದು ಯಾವ ಪರೀಕ್ಷೆಗೂ ಸಿಕ್ಕಿಲ್ಲ. ಇಂದೂ ಸಿಗದಿದ್ದರೆ ಹೊಟ್ಟೆ ಕೊಯ್ದೇ ಹುಡುಕಬೇಕು, ಆ ವಯಸ್ಸಿಗೆ ಅದು ಆಗಹೋಗುವ ಮಾತಲ್ಲ. ಸೊಸೆಯೇ ಕೊಳವೆ ಹಿಡಿದರೆ ಮಾತ್ರ ಮಲಗುತ್ತೇನೆ ಎಂದು ಹಟ ಹಿಡಿದು, ಸೊಸೆಯಿಂದ ಮಾತು ತೆಗೆದುಕೊಂಡೇ ಅವರು ಬಂದಿರುವುದು.

ಅತ್ತೆಗೆ ಮಂಪರು ಹತ್ತುತ್ತದೆ. ಡಾಕ್ಟರು "ತುಂಬಿ" ಎನ್ನುತ್ತಾರೆ. ಬಲೂನಕ್ಕ ಗಾಳಿ ಬಿಟ್ಟುಬಿಡುತ್ತಾರೆ. ಇನ್ನೊಮ್ಮೆ ಹೇಳಿದಾಗಲೂ ಅದೇ ತಪ್ಪು. ತೊಂದರೆಯೇನೂ ಆಗಿಲ್ಲ, ಕ್ಯಾಮೆರಾ ಒಂದಿಷ್ಟು ದೂರ ಹಿಂದಕ್ಕೆ ಜಾರಿದೆ, ಅಷ್ಟೇ. ಆದರೆ ಅವರು ಕೈ ತೆಗೆಯುತ್ತಾರೆ.

"ಡಾಕ್ಟ್ರೇ, ಇವತ್ತು ಇದು ಬರೀ ಸೊಸೆ ಕೈ. ಕೆಲಸಕ್ಕೆ ಬರಲ್ಲ."

ಪಕ್ಕದ ಕೋಣೆಯ ನರ್ಸನ್ನು ಕರೆದು ಕೊಳವೆ ಒಪ್ಪಿಸಿ ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಅತ್ತೆಗೆ ಕೊಟ್ಟ ಮಾತು ಮುರಿದಾಯಿತು. ಬಾಗಿಲಾಚೆಯಿಂದ "ತುಂಬಿ", "ಬಿಡಿ" ಕೇಳಿಬರುತ್ತದೆ. ಗಾಳಿಯ ಗುಂಡಿ ಒತ್ತುವ ಅವರ ಹೆಬ್ಬೆರಳು ಮಡಿಲಲ್ಲಿ ತಾನಾಗಿಯೇ ಆಡುತ್ತದೆ. ಆಮೇಲೆ ಆ ದನಿಯೂ ನಿಲ್ಲುತ್ತದೆ. ಸಿಕ್ಕಿದ್ದಕ್ಕೂ ನಿಲ್ಲಿಸುತ್ತಾರೆ, ಸೋತಿದ್ದಕ್ಕೂ ನಿಲ್ಲಿಸುತ್ತಾರೆ. ಇಷ್ಟು ವರ್ಷ ಬೆಂಚಿನ ಮೇಲೆ ಕೂತವರ ಪಾಡು ಇದೇ ಇತ್ತೇ ಎಂದು ಅವರಿಗೆ ಕಣ್ಣು ತುಂಬಿಬರುತ್ತದೆ.

ಬಾಗಿಲು ತೆರೆದು ಡಾಕ್ಟರು ಹೇಳುತ್ತಾರೆ: ಒಂದು ಸಣ್ಣ ರಕ್ತನಾಳ, ಅಲ್ಲಿಂದಲೇ ಸೋರುತ್ತಿತ್ತು, ಸುಟ್ಟು ಮುಚ್ಚಿದ್ದಾಯಿತು.

ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟವರೇ ಸೊಸೆಯ ಕೈ ಹಿಡಿಯುತ್ತಾರೆ. "ನೀನೇ ಹಿಡ್ಕೊಂಡಿದ್ದೆ ತಾನೇ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ ಅತ್ತೆ," ಎನ್ನುತ್ತಾರೆ ಬಲೂನಕ್ಕ. "ನಾನು ಕಲಿಸಿದೋಳು ಹಿಡ್ಕೊಂಡಿದ್ಲು."