ಅತ್ತೆ ಬಿಚ್ಚಿದ ಕಸೂತಿ

ಅವರ ಲೆಕ್ಕದಲ್ಲಿ ಅದು ಬೇಸಿಗೆ ಶಿಬಿರ. ನಮ್ಮ ಪುಣೆಯಲ್ಲಿ ಆಗಲೇ ಮಳೆ ಹಿಡಿದು, ಬಾಲ್ಕನಿಯ ಹಗ್ಗದ ಮೇಲಿನ ಬಟ್ಟೆ ಒಣಗುವ ಮಾತೇ ಇರಲಿಲ್ಲ. ಅಂಥದರಲ್ಲಿ ತಲೆಗೆ ಬಿಸಿಲಿನ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡ ಐದಾರು ಮಂದಿ ಪರದೇಶದ ವಿದ್ಯಾರ್ಥಿಗಳು ನಮ್ಮ ಸೊಸೈಟಿಯ ಗೇಟಿನಲ್ಲಿ ತೊಯ್ದು ತಪ್ಪಡಿಯಾಗಿ ನಿಂತಿದ್ದರು. ವಾಚಮನ್ ಫೋನು ಮಾಡಿ, ನಿಮ್ಮ ಮನೆಗೆ ಸರ್ಕಸ್ಸಿನವರು ಬಂದಿದ್ದಾರೆ ಎಂದು ಮರಾಠಿಯಲ್ಲಿ ತಿಳಿಸಿದ.

ಅವರು ಬಂದದ್ದು ನನ್ನ ಅತ್ತೆಯವರ ಹತ್ತಿರ ಕಸೂತಿ ಕಲಿಯಲು. ಊರಿನ ಒಂದು ಸಂಸ್ಥೆ ವರ್ಷಕ್ಕೊಮ್ಮೆ ಪರದೇಶದ ಕಾಲೇಜು ಹುಡುಗರನ್ನು ಕರೆಸಿ, ಒಂದು ತಿಂಗಳು ಇಲ್ಲಿಯ ಕಲೆ, ಸಂಸ್ಕೃತಿ ಕಲಿಸುತ್ತದೆ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಕೈಗೆ ಏನಾದರೊಂದು ಕೆಲಸ. ಕೆಲವರು ಮಣ್ಣಿನ ಗಣಪತಿ ಮಾಡಲು ಹೋದರೆ ಕೆಲವರು ಕುಣಿಯಲು ಹೋಗುತ್ತಾರೆ. ಆ ಸಂಸ್ಥೆಯಲ್ಲಿ ಕೆಲಸ ಮಾಡುವ ನಮ್ಮ ಮೇಲಿನ ಮನೆಯಾಕೆ ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಬಂದವಳು ಅತ್ತೆಯವರ ಕಪ್ಪು ಸೀರೆಯ ಕಸೂತಿ ಸೆರಗನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಧಾರವಾಡದಿಂದ ಬಂದು ನಲವತ್ತು ವರ್ಷ ನಮ್ಮ ಮನೆಯ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದು ಹಬ್ಬಕ್ಕಷ್ಟೇ ಹೊರಬರುತ್ತಿದ್ದ ಕಸೂತಿಗೆ ನಾವ್ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಅತ್ತೆಗೆ ಇಂಗ್ಲಿಷ್ ಬಾರದು, ಬಂದವರಿಗೆ ಕನ್ನಡ ಬಾರದು. ವಿಮಾ ಕಚೇರಿಯಿಂದ ಆಗಷ್ಟೇ ನಿವೃತ್ತಳಾಗಿ, ಇನ್ನು ಯಾರ ಮಾತನ್ನೂ ಯಾರಿಗೂ ತಿಳಿಸಿ ಹೇಳಬೇಕಾಗಿಲ್ಲ ಎಂದು ನೆಮ್ಮದಿಯಾಗಿದ್ದ ನಾನು ನಡುವೆ ಸಿಕ್ಕಿಬಿದ್ದೆ. ಚಹಾ ಮಾಡುವವಳೂ ನಾನೇ, ದುಭಾಷಿಯೂ ನಾನೇ.

ಅತ್ತೆ ಕಲಿಸಿದ್ದು ಗವಂತಿ ಎಂಬ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇಲ್ಲ, ಅಚ್ಚು ಇಲ್ಲ. ಎಳೆ ಎಣಿಸಿಕೊಂಡು ಒಂದು ಟಾಕು ಹಾಕಿ ಒಂದು ಬಿಟ್ಟು ಹೋಗಬೇಕು, ಬರುವಾಗ ಬಿಟ್ಟದ್ದನ್ನು ತುಂಬಿಕೊಂಡು ಬರಬೇಕು. ಹೋದ ದಾರಿಯಲ್ಲೇ ತಿರುಗಿ ಬರದಿದ್ದರೆ ಚಿತ್ತಾರ ನಡುವೆ ಬಾಯಿ ಬಿಟ್ಟುಕೊಳ್ಳುತ್ತದೆ. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಇಷ್ಟನ್ನು ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿ ತಣ್ಣಗಾಗಿತ್ತು.

ನನ್ನ ಅತ್ತೆ ಕಟ್ಟುನಿಟ್ಟಿನ ಗುರು ಆಗುತ್ತಾರೆಂದು ಹೆದರಿದ್ದೆ. ಆದದ್ದು ಬೇರೆ. ಗಡ್ಡದ ಹುಡುಗನೊಬ್ಬ ಆನೆ ಹೊಲಿಯಲು ಹೋಗಿ ಹೊಲಿದದ್ದು ಮಂಚವೋ ಮೇಜೋ ತಿಳಿಯದಂತಿತ್ತು. ಹಿಂದೆ ಹುಣಸೆಬೀಜದಂಥ ಗಂಟುಗಳು. ಅತ್ತೆ ಅದನ್ನು ಕನ್ನಡಕದ ಹತ್ತಿರ ತಂದು ನೋಡಿ, "ಭಾಳ ಛಂದ ಆಗೇದ್ರೀ" ಎಂದರು. ಇನ್ನೊಬ್ಬಳ ನವಿಲಿಗೆ ಕಾಲೇ ಇರಲಿಲ್ಲ. ಅದಕ್ಕೂ "ಭಾಳ ಛಂದ." ಆ ಎರಡು ಶಬ್ದಗಳನ್ನು ಎಲ್ಲರೂ ಕಲಿತರು. ನನ್ನ ಉಪ್ಪಿಟ್ಟಿಗೂ ಅದನ್ನೇ ಹೇಳಹತ್ತಿದರು.

ಒಬ್ಬಳ ವಿಷಯದಲ್ಲಿ ಮಾತ್ರ ಅತ್ತೆಯ ನಡತೆ ಬೇರೆ. ಹಾಲೆಂಡಿನ ಹುಡುಗಿ, ಉದ್ದ ಬೆರಳುಗಳ, ಮಾತು ಕಡಿಮೆಯ ಹುಡುಗಿ. ಊರಲ್ಲಿ ತಂದೆಯ ಇಚ್ಛೆಯಂತೆ ಅಕೌಂಟ್ಸ್ ಓದುತ್ತಿದ್ದಳು. ಮನಸ್ಸೆಲ್ಲ ಬಟ್ಟೆಯ ಮೇಲೆ. ಶಿಬಿರದ ಕೊನೆಯ ದಿನ ಎಲ್ಲರ ಕೆಲಸದ ಪ್ರದರ್ಶನವಿತ್ತು. ಜೊತೆಗೆ ಬಂದಿದ್ದ ಮಹಿಳಾ ಪ್ರೊಫೆಸರ್, ನಮ್ಮ ಮನೆಯ ಮಾತಿನಲ್ಲಿ ಪ್ರೊಫೆಸರ್ ಬಾಯಿ, ಅದನ್ನು ನೋಡಿ ಮೆಚ್ಚಿದರೆ ಜವಳಿ ಕಲೆಯ ವಿಭಾಗಕ್ಕೆ ಅವಳ ಹೆಸರು ಹೇಳುವುದಾಗಿ ಮಾತು ಕೊಟ್ಟಿದ್ದರು. ಇದೊಂದೇ ದಾರಿ, ಇದು ತಪ್ಪಿದರೆ ಜೀವನವಿಡೀ ಬೇರೆಯವರ ಜಮಾಖರ್ಚು ನೋಡುತ್ತ ಕೂಡುವುದೇ ಗತಿ ಎಂದು ಅವಳು ಒಮ್ಮೆ ನನ್ನ ಅಡುಗೆಮನೆಯಲ್ಲಿ ಕೊತ್ತಂಬರಿ ಸೋಸುತ್ತ ಹೇಳಿದ್ದಳು. ವಿಮಾ ಕಚೇರಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಅವಳು ಆರಿಸಿಕೊಂಡದ್ದು ನಮ್ಮ ಬಾಲ್ಕನಿಯ ತುಳಸಿಕಟ್ಟೆ. ಎಲ್ಲರೂ ತಮ್ಮ ಬಟ್ಟೆಗಳನ್ನು ನಮ್ಮಲ್ಲೇ ಬಿಟ್ಟು ಹೋಗುತ್ತಿದ್ದರು. ಮರುದಿನ ಬಂದಾಗ ಅವಳ ಬಟ್ಟೆಯ ಮೇಲೆ ಅರ್ಧ ಕಟ್ಟೆ ಮಾಯ. ಅತ್ತೆ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಕಿಟಕಿಯ ಹತ್ತಿರ ಕೂತು, ಸೂಜಿಯ ತುದಿಯಿಂದ ಒಂದೊಂದೇ ಟಾಕು ಎತ್ತಿ ಬಿಚ್ಚಿಟ್ಟಿದ್ದರು. ಹುಡುಗಿ ಸೂಜಿಗೆ ದಾರ ಪೋಣಿಸಿ ಮತ್ತೆ ಹೊಲಿದಳು. ಎರಡು ದಿನ ಬಿಟ್ಟು ಮತ್ತೆ ಬಿಚ್ಚಿದರು. "ಅತ್ಯಾ, ಪಾಪ, ಅಕಿಗೆ ಒಂದು ಮಾತರ ಹೇಳ್ರಿ" ಎಂದೆ. "ಹೇಳೂದೇನದ? ಬಿಚ್ಚಿದ್ದು ನೋಡಿದ್ರ ತಿಳೀತದ" ಎಂದರು.

ಪ್ರದರ್ಶನಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಆ ಮಧ್ಯಾಹ್ನ ಹುಡುಗಿ ಬಂದು ಬಟ್ಟೆ ಬಿಡಿಸಿದಳು. ಇಡೀ ಬಟ್ಟೆ ಬರಿದು. ಕಟ್ಟೆಯ ಒಂದು ಮೆಟ್ಟಿಲೂ ಇರಲಿಲ್ಲ. ಪಕ್ಕದಲ್ಲಿ ಗಡ್ಡದ ಹುಡುಗ ತನ್ನ ನಾಲ್ಕನೆಯ ಆನೆಗೆ "ಭಾಳ ಛಂದ" ಅನ್ನಿಸಿಕೊಳ್ಳುತ್ತಿದ್ದ. ಅವಳು ಎದ್ದು ಅಡುಗೆಮನೆಗೆ ಬಂದು, ನನ್ನ ಎದುರು ನಿಂತು ಅತ್ತಳು. ಎಲ್ಲರಿಗಿಂತ ದಡ್ಡಿ ತಾನೇ ಎಂದು ಅಜ್ಜಿಗೆ ಮೊದಲ ದಿನವೇ ತಿಳಿದಿದೆ, ತನಗೇ ತಡವಾಗಿ ತಿಳಿಯಿತು ಎಂದಳು. ಪ್ರೊಫೆಸರ್ ಬಾಯಿಗೆ ತೋರಿಸಲು ಏನೂ ಇಲ್ಲವೆಂದು ಇವತ್ತೇ ಹೇಳಿಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಲು ಹೊರಟಳು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ದೂರದಿಂದ ತರಿಸಬೇಕಾಗಿಲ್ಲ. ಹುಡುಗಿಯನ್ನು ಕೈಹಿಡಿದು ನಿಲ್ಲಿಸಿ, ಅತ್ತೆಯನ್ನು ಒಳಗೆ ಕರೆದೆ.

"ಅಲ್ಲರೀ ಅತ್ಯಾ, ಆ ಆನಿ ಹೊಲದಾವಗ ಛಂದ ಅಂತೀರಿ. ಕಾಲಿಲ್ಲದ ನವಿಲಿಗೂ ಛಂದ ಅಂತೀರಿ. ಈಕಿದಷ್ಟ ಯಾಕ ಬಿಚ್ಚತೀರಿ? ಈ ಕೂಸು ನಿಮಗೇನು ಮಾಡೇದ?"

ಅತ್ತೆ ನನ್ನನ್ನು, ನಾನೇ ದಡ್ಡಿ ಎಂಬಂತೆ ನೋಡಿದರು.

"ಅವರು ಮನಿಗೆ ಬಂದ ಮಂದಿ ಅಲ್ಲೇನು? ಮಂದಿ ಹೊಲದದ್ದು ಯಾರರ ಬಿಚ್ಚತಾರೇನು? ಛಂದ ಅಂತ ಹೇಳಿ, ಚಹಾ ಕೊಟ್ಟು ಕಳಸೋದು. ಇಕಿ ಕೈಯಾಗ ಹೊಲಿಗಿ ಅದ. ಅದಕ್ಕ ಬಿಚ್ಚೀನಿ. ನಮ್ಮ ಅತ್ತಿಯವರು ನಂದು ಎಷ್ಟು ಸಲ ಬಿಚ್ಚ್ಯಾರ ಅಂತೀ. ಎಳಿ ಸವದು ಬಟ್ಟೀನ ಹರದು ಹೋಗಿತ್ತು."

ಕಸೂತಿಯ ಮನೆಗಳಲ್ಲಿ ಇದು ರೂಢಿಯಂತೆ. ಬೈಯುವುದಿಲ್ಲ, ತಿದ್ದುವುದಿಲ್ಲ, ಸುಮ್ಮನೆ ಬಿಚ್ಚಿಡುತ್ತಾರೆ. ಅದೂ ತಮ್ಮವಳು, ಕಲಿಯುವ ಯೋಗ್ಯತೆ ಉಳ್ಳವಳು ಎಂದು ಒಪ್ಪಿಕೊಂಡ ಮೇಲೆ. ಇಡೀ ಬಟ್ಟೆ ಬಿಚ್ಚುವುದೆಂದರೆ ಬಲು ದೊಡ್ಡ ಮಾನ. ಈ ಮಾನ ಪಡೆದವಳು ನನ್ನ ಅಡುಗೆಮನೆಯಲ್ಲಿ ನನ್ನ ಸೆರಗಿಗೆ ಮೂಗು ಒರೆಸಿಕೊಳ್ಳುತ್ತಿದ್ದಳು.

ಒಂದು ಮಾತೂ ಬಿಡದೆ ಎಲ್ಲವನ್ನೂ ಅವಳಿಗೆ ಹೇಳಿದೆ. ನಂಬಲಿಲ್ಲ. ಹೊರಗಿನಿಂದ ಗೆಳೆಯನ ಆನೆಯ ಬಟ್ಟೆ ತಂದು ಅತ್ತೆಯ ಮುಂದೆ ಅದರ ಬೆನ್ನು ತಿರುಗಿಸಿ ಹಿಡಿದಳು. ಅತ್ತೆ ಬಾಗಿಲ ಕಡೆಗೊಮ್ಮೆ ನೋಡಿ, ಆ ಹುಣಸೆಬೀಜಗಳ ಮೇಲೆ ಬೆರಳಾಡಿಸಿ, ಮುಖ ಸಿಂಡರಿಸಿದರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಹುಡುಗಿ ಕಣ್ಣಲ್ಲಿ ನೀರು ಇಟ್ಟುಕೊಂಡೇ ನಕ್ಕಳು. ಚಪ್ಪಲಿ ಬಾಗಿಲಲ್ಲೇ ಉಳಿಯಿತು.

ಮುಂದಿನ ದಿನಗಳಲ್ಲಿ ಅವಳು ಬೆಳಿಗ್ಗೆಯೇ ಬಂದುಬಿಡುತ್ತಿದ್ದಳು. ಉಪನ್ಯಾಸಗಳಿಗೆ ಹೋದಳೋ ಇಲ್ಲವೋ, ನಾನು ಕೇಳಲಿಲ್ಲ. ಇಬ್ಬರೂ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಅತ್ತೆ ಕನ್ನಡದಲ್ಲಿ ಎಳೆ ಎಣಿಸಿದರೆ ಅವಳು ಡಚ್ಚಿನಲ್ಲಿ ಎಣಿಸುತ್ತಿದ್ದಳು. ಲೆಕ್ಕ ತಾಳೆಯಾಗುತ್ತಿತ್ತು. ತಪ್ಪಾದಾಗ ಈಗ ಅವಳೇ ಅತ್ತೆಯ ಮುಂದೆ ಬಟ್ಟೆ ಚಾಚಿ, "ಬಿಚ್ಚ್ರಿ" ಎನ್ನುತ್ತಿದ್ದಳು. ನನ್ನ ಕೆಲಸ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ಬಡಿಸುವುದಷ್ಟೇ.

ಪ್ರದರ್ಶನದ ದಿನ ಉಳಿದವರ ಆನೆ ನವಿಲುಗಳೆಲ್ಲ ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಜಾಣತನ. ಅವಳದು ಅಂಗೈಯಷ್ಟು ತುಳಸಿಕಟ್ಟೆ. ಅಕ್ಕಪಕ್ಕ ಇರಬೇಕಾಗಿದ್ದ ದೀಪಗಳಿಗೆ ವೇಳೆ ಸಿಕ್ಕಿರಲಿಲ್ಲ. ಅದನ್ನು ಅವಳು ದಾರಕ್ಕೆ ಕಟ್ಟಿ ತೂಗಬಿಟ್ಟಿದ್ದಳು. ಪ್ರೊಫೆಸರ್ ಬಾಯಿ ಅದರ ಮುಂದೆ ಬಂದು ನಿಂತರು. ಇಷ್ಟೇನಾ ಎಂದು ಅವರು ಕೇಳಿಯಾರು ಎಂಬ ಭಯ ನನಗೆ. ಅವರು ಈ ಕಡೆ ನೋಡಿದರು, ಸುತ್ತು ಹಾಕಿ ಆ ಕಡೆ ನೋಡಿದರು, ಮತ್ತೆ ಈ ಕಡೆಗೆ ಬಂದು, ಇದರ ಮುಂಭಾಗ ಯಾವುದು ಎಂದು ಹುಡುಗಿಯನ್ನು ಕೇಳಿದರು.

"ಏನಂದ್ರು?" ಎಂದು ಅತ್ತೆ ನನ್ನ ಮೊಣಕೈ ತಿವಿದರು. ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಹಂಗಾದ್ರ ಪಾಸಾತು" ಎಂದು ಕುರ್ಚಿ ನೋಡಿ ಕೂತರು. ಪ್ರೊಫೆಸರ್ ಬಾಯಿಯೂ ಪಾಸು ಮಾಡಿದರು. ಜವಳಿ ವಿಭಾಗಕ್ಕೆ ಅಂದೇ ಬರೆಯುವುದಾಗಿ ಹೇಳಿದರು. ಹುಡುಗಿ ಎಲ್ಲರೆದುರೇ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಮುಜುಗರಕ್ಕೆ ಸೂರು ನೋಡುತ್ತ ಅವಳ ಬೆನ್ನು ತಟ್ಟಿದರು.

ಅವರೆಲ್ಲ ವಿಮಾನ ಹತ್ತಿ ಹೋದರು. ಮನೆ ಭಣಭಣ ಎನ್ನುತ್ತಿತ್ತು. ನನಗೆ ಮಾತ್ರ ಅಡುಗೆಮನೆಯಲ್ಲಿ ಅತ್ತೆ ಆಡಿದ ಮಾತು ಸೂಜಿಯಂತೆ ಚುಚ್ಚುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನೂ ಅವರ ಹತ್ತಿರ ಕಸೂತಿ ಕಲಿತಿದ್ದೆ. ಒಂದು ಮೇಜಿನ ಬಟ್ಟೆ ಹೊಲಿದಿದ್ದೆ. ಅದರ ಒಂದು ಟಾಕನ್ನೂ ಅವರು ಬಿಚ್ಚಿರಲಿಲ್ಲ. ಏನು ತೋರಿಸಿದರೂ ಭಾಳ ಛಂದ. ಇಷ್ಟು ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದು ಬಂದವರಿಗೆಲ್ಲ ಹೇಳಿಕೊಂಡಿದ್ದೆ. ಹಾಗಾದರೆ ನಾನೂ ಆ ಆನೆಯವನ ಸಾಲಿನವಳೇ? ಈ ಮನೆಗೆ ಬಂದ ಮಂದಿಯೇ? ಅಳು ಬರುವಷ್ಟು ಬೇಸರವಾಯಿತು ಎಂದರೆ ನಗುತ್ತೀರಿ. ಆದರೆ ಆಯಿತು.

ಕಪಾಟಿನ ತಳದಿಂದ ಆ ಬಟ್ಟೆ ತೆಗೆದು ಅತ್ತೆಯ ಮಡಿಲಲ್ಲಿ ಹಾಕಿದೆ.

"ಖರೇ ಹೇಳ್ರಿ ಅತ್ಯಾ. ಇದನ್ಯಾಕ ಬಿಚ್ಚಲಿಲ್ಲ?"

ಅತ್ತೆ ಬಟ್ಟೆ ಮಗುಚಿ ಬೆನ್ನು ನೋಡಿದರು. ಒಂದೊಂದು ಗಂಟನ್ನೂ ಬೆರಳಿನಿಂದ ಮುಟ್ಟಿದರು.

"ಆವಾಗ ನಿನಗ ಅಂಜತಿದ್ನೆವಾ" ಎಂದರು. "ಕಲತ ಸೊಸಿ, ನೌಕರಿ ಮಾಡಾಕಿ, ಮ್ಯಾಲ ಮೂಗಿನ ತುದೀಗೆ ಸಿಟ್ಟು. ಒಂದು ಟಾಕು ಬಿಚ್ಚಿದ್ರ ಚೀಲ ತಗೊಂಡು ಸ್ವಾರಗೇಟ್ ಸ್ಟ್ಯಾಂಡಿಗೆ ಹೋಗಿ ತವರಿಗೆ ಹೋಗೂ ಹುಬ್ಬಳ್ಳಿ ಬಸ್ ಹತ್ತಿಬಿಡ್ತೀಯೇನೋ ಅಂತ."

"ಮತ್ತ ಈಗ?"

"ಈಗ ಎಲ್ಲಿ ಹೋಗ್ತಿ?" ಎಂದು ಕನ್ನಡಕ ಏರಿಸಿಕೊಂಡರು. "ಸೂಜಿ ಕೊಡು ಇಲ್ಲೆ."

ಕೊಟ್ಟೆ. ಮೂಲೆಯ ಮೊದಲ ಗಂಟಿನಿಂದಲೇ ಶುರು ಮಾಡಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಟ್ಟೆ ಪೂರ್ತಿ ಬರಿದಾಗಿತ್ತು.