ಮಂಗಳವಾರ ಕಂಡ ಬಿಳುಪು

ಮೊದಲು ಬಿಗಿಯಾದದ್ದು ಕಾಲುಂಗುರ.

ನನ್ನ ಹೆಂಡತಿ ಜಯಮ್ಮನಿಗೆ ಏಳು ತಿಂಗಳು ತುಂಬಿತ್ತು. ಕಾಲು ಊದಿ ಬೆಳ್ಳಿಯ ಉಂಗುರ ಚರ್ಮದೊಳಗೆ ಕೂತುಬಿಟ್ಟಿತ್ತು. ಸೋಪು ಹಚ್ಚಿ ತಿರುಗಿಸಿದರೂ ಅಲುಗಲಿಲ್ಲ. ನಮ್ಮಮ್ಮ ನೋಡಿ, "ಬಸುರೀಲಿ ಯಾರಿಗೆ ಊದಲ್ಲ? ನೀರು ಇಳ್ದೈತೆ ಅಷ್ಟೇ" ಎಂದಳು. ನಾನೂ ಹಾಗೇ ಅಂದುಕೊಂಡೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ದಿನವಿಡೀ ನಿಂತು ದುಡಿಯುವವರ ಕಾಲು ಸಂಜೆಗೆ ಊದಿಯೇ ಇರುತ್ತದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪನ ಕೈಮಗ್ಗ ಇದ್ದ ಜಾಗದಲ್ಲಿ ಎರಡು ಪವರ್‌ಲೂಮ್ ನಿಲ್ಲಿಸಿದ್ದೇನೆ. ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಈಗಲೂ ಹೇಳುತ್ತೇನೆ. ಬಾಯಿ ಕಹಿಯಾಗುತ್ತದೆ.

ಆಗ ಪ್ರತಿ ಗುರುವಾರ ಬೆಂಗಳೂರಿನಿಂದ ಒಬ್ಬರು ಡಾಕ್ಟರಮ್ಮ ಜೀಪಿನಲ್ಲಿ ನಮ್ಮ ಬೀದಿಗೆ ಬರುತ್ತಿದ್ದರು. ಅರವತ್ತು ದಾಟಿದವರು. ಗಿಡ್ಡ ಆಳು, ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಬಸುರಿಯರಿಗೆ ಬಿ.ಪಿ. ಯಾಕೆ ಏರುತ್ತದೆ, ಅದು ಫಿಟ್ಸಿಗೆ ತಿರುಗುವ ಮೊದಲು ಹಿಡಿಯುವುದು ಹೇಗೆ ಎಂಬುದೊಂದನ್ನೇ ಆಯುಷ್ಯವಿಡೀ ಹುಡುಕಿದವರು. ಬೇರೆಯವರು ಆಸ್ಪತ್ರೆಗೆ ಬಂದವರನ್ನು ನೋಡಿ ಬರೆದರೆ, ಈಕೆ ಆಸ್ಪತ್ರೆಗೆ ಬಾರದವರನ್ನು ಮನೆಮನೆಗೆ ಹೋಗಿ ನೋಡಿ ಬರೆದರು. ಮೂತ್ರ ಕಾಯಿಸುವುದೂ ಒಂದು ಸಂಶೋಧನೆಯೇ ಎಂದು ಮೊದಮೊದಲು ಜೊತೆಯವರೇ ನಕ್ಕಿದ್ದರಂತೆ. ಆಮೇಲೆ ಅದೇ ಜನ ಇವರ ಬರಹ ಓದಿ ತಮ್ಮ ವಾರ್ಡುಗಳಲ್ಲಿ ಅದನ್ನೇ ಶುರುಮಾಡಿದರಂತೆ. ಇದೆಲ್ಲ ನನಗೆ ತಿಳಿದದ್ದು ತೀರ ತಡವಾಗಿ.

ಅವರು ಒಬ್ಬೊಬ್ಬ ಬಸುರಿಗೂ ಒಂದು ಗಾಜಿನ ಕೊಳವೆ, ಒಂದು ಸಣ್ಣ ಬಾಟಲಿ ವಿನೆಗರ್ ಕೊಡುತ್ತಿದ್ದರು. ಬೆಳಗಿನ ಮೂತ್ರ ಹಿಡಿದು ದೀಪದ ಮೇಲೆ ಕಾಯಿಸಬೇಕು, ಎರಡು ಹನಿ ವಿನೆಗರ್ ಬಿಡಬೇಕು. ತಿಳಿಯಾಗಿದ್ದರೆ ಸರಿ. ಗಂಜಿಯ ಹಾಗೆ ಬೆಳ್ಳಗಾದರೆ ಅವತ್ತೇ ಆಸ್ಪತ್ರೆಗೆ ಬರಬೇಕು, ಗುರುವಾರಕ್ಕೆ ಕಾಯಬಾರದು.

ನಮ್ಮದು ಒಂದೇ ಹಜಾರ. ಒಂದು ಮೂಲೆಯಲ್ಲಿ ಒಲೆ, ಉಳಿದದ್ದೆಲ್ಲ ಮಗ್ಗ. ಸ್ನಾನ ಮಾಡದೆ ನಾವು ನೂಲು ಮುಟ್ಟುವುದಿಲ್ಲ. ಡಾಕ್ಟರಮ್ಮ ನಮ್ಮ ಬಾಗಿಲಿಗೆ ಬಂದ ದಿನ ಮಗ್ಗದ ಮೇಲೆ ಮದುವೆಯ ಸೀರೆಗಳಿದ್ದವು.

"ಇದು ನೇಯೋ ಮನೆ ಡಾಕ್ಟ್ರಮ್ಮ, ಮೂತ್ರ ಕಾಯ್ಸೋ ಮನೆ ಅಲ್ಲ" ಎಂದೆ.

"ಒಂದು ಎಳೆ ಕಡಿದ್ರೆ ಮಗ್ಗ ನಿಲ್ಲಿಸಿ ನೋಡ್ತೀರಲ್ಲಪ್ಪಾ. ಇವಳನ್ನ ನೋಡೋಕೇನು ಕಷ್ಟ?"

"ನಮ್ಮ ಹೆಂಗಸ್ರನ್ನ ನಾವು ನೋಡ್ಕೋತೀವಿ, ಬಿಡಿ."

ಕೊಳವೆಯನ್ನು ಅವರ ಕೈಗೇ ವಾಪಸು ಕೊಟ್ಟೆ. ಪಕ್ಕದ ಮನೆಯ ರತ್ನಕ್ಕ ಗೋಡೆಯಾಚೆಯಿಂದ, "ಏನು ಮಡಿವಂತ ಕಣಪ್ಪಾ ನೀನು! ಮಗ್ಗದ ಪಕ್ಕ ಕೂತು ಬೀಡಿ ಸೇದುವಾಗ ಎಲ್ಲಿಗೆ ಹೋಗಿತ್ತೋ ಈ ಮಡಿ?" ಎಂದಳು. ಬೀದಿಯವರು ನಕ್ಕರು. ಜಯಮ್ಮ ನಗಲಿಲ್ಲ.

ಎರಡು ವಾರ ಕಳೆದಿರಬೇಕು. ಬುಧವಾರ ಮಧ್ಯಾಹ್ನ ಅವಳು ಹಣೆ ಒತ್ತಿಕೊಂಡು ಬಂದಳು. "ರೀ, ತಲೆ ಸಿಡೀತೈತೆ. ಕಣ್ಣ ಮುಂದೆ ಜರಿ ಮಿಂಚಿದಂಗಾಗ್ತೈತೆ."

"ಬಿಸ್ಲಿಗೆ ಇರ್ಬೇಕು. ಒಂದ್ಗಳಿಗೆ ಮಲಕ್ಕೋ. ಈಗ್ತಾನೆ ಕರೆಂಟ್ ಬಂದೈತೆ" ಎಂದೆ.

ಮರುದಿನ ಬೆಳಿಗ್ಗೆ ನೂಲು ಸುತ್ತುವ ಯಂತ್ರದ ಪಕ್ಕ ಬಿದ್ದಳು.

ಮಗ್ಗದ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ.

ಅಮ್ಮ ಬಂದು ಭುಜ ಹಿಡಿದು ಎಳೆದಾಗಲೇ ತಿರುಗಿ ನೋಡಿದ್ದು. ಕೈಕಾಲು ಸೆಟೆದಿದ್ದವು. ಬಾಯಲ್ಲಿ ನೊರೆ. ಅವಳ ಅಂಗೈಗೆ ಬೀಗದ ಕೈ ಒತ್ತಿ ಹಿಡಿದು ಕೂತೆ. ಫಿಟ್ಸಿಗೆ ಕಬ್ಬಿಣ ಎಂದಷ್ಟೇ ನನಗೆ ಗೊತ್ತಿದ್ದದ್ದು. ಗುರುವಾರವಾದ್ದರಿಂದ ಡಾಕ್ಟರಮ್ಮ ಹಿಂದಿನ ಬೀದಿಯಲ್ಲೇ ಇದ್ದರು. ರತ್ನಕ್ಕ ಓಡಿಹೋಗಿ ಕರೆತಂದಳು.

"ಅದನ್ನ ಬಿಡು. ಎಡಕ್ಕೆ ಹೊರಳಿಸು."

ಡಾಕ್ಟರಮ್ಮ ಹೇಳಿದಷ್ಟು ಮಾಡಿದೆ. ಮೆಗ್ನೀಸಿಯಂ ಇಂಜೆಕ್ಷನ್ ಎರಡೂ ಕಡೆ ಕೊಟ್ಟರು. ಸೀರೆ ಬಿಡಿಸಿದ್ದೂ ಸೂಜಿ ಚುಚ್ಚಿದ್ದೂ ಮಗ್ಗದ ಬುಡದಲ್ಲೇ. ಮಡಿ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅವರದೇ ಜೀಪಿನಲ್ಲಿ ಬೆಂಗಳೂರಿಗೆ ಹೊರಟೆವು. ಯಲಹಂಕ ದಾಟುವಷ್ಟರಲ್ಲಿ ಇನ್ನೊಂದು ಸಲ ಫಿಟ್ಸ್ ಬಂತು.

ಮಗು ಹೊಟ್ಟೆಯೊಳಗೇ ಹೋಗಿತ್ತು.

ಹೆಣ್ಣು.

ಜಯಮ್ಮನಿಗೆ ಮೂರು ದಿನ ಪ್ರಜ್ಞೆ ಇರಲಿಲ್ಲ. ಎಚ್ಚರವಾದಮೇಲೂ ಒಂದು ವಾರ ಕಣ್ಣು ಮಂಜು. ನನ್ನನ್ನು ದನಿಯಿಂದ ಗುರುತಿಸುತ್ತಿದ್ದಳು. ಕಿಡ್ನಿ ಕೈಕೊಡಬಹುದು ಎಂದು ವಾರ್ಡಿನವರು ಹೇಳುತ್ತಿದ್ದರು. ಮೂತ್ರದ ಚೀಲ ತುಂಬುತ್ತದೆಯೇ ಎಂದು ಗಂಟೆಗೊಮ್ಮೆ ಬಗ್ಗಿ ನೋಡುವ ಕೆಲಸ ನನ್ನದಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ದಪ್ಪ ನೋಟ್‌ಬುಕ್ ತೆರೆದು, "ಮೊದಲು ಬಿಳುಪು ಕಂಡದ್ದು ಯಾವತ್ತು?" ಎಂದು ಕೇಳಿದರು. ನನ್ನನ್ನಲ್ಲ, ನೋಡಲು ಬಂದಿದ್ದ ರತ್ನಕ್ಕನನ್ನು.

"ಮಂಗಳವಾರ."

ನಾನು ಇಬ್ಬರ ಮುಖವನ್ನೂ ನೋಡಿದೆ. ಜಯಮ್ಮ ರತ್ನಕ್ಕನ ಹಿತ್ತಲಲ್ಲಿ, ಅವಳ ಬಸುರಿ ಸೊಸೆಯ ಕೊಳವೆಯಲ್ಲಿ ದಿನವೂ ಕಾಯಿಸಿ ನೋಡುತ್ತಿದ್ದಳಂತೆ. ಮಂಗಳವಾರ ಗಂಜಿಯೇ ಆಗಿತ್ತಂತೆ. ಆಸ್ಪತ್ರೆಗೆ ನಡೆ ಎಂದು ರತ್ನಕ್ಕ ಹೇಳಿದರೂ, ಜಯಮ್ಮ, ನಮ್ಮ ಮನೆಯವರಿಗೆ ಗೊತ್ತಾದರೆ ರಂಪ ಮಾಡುತ್ತಾರೆ, ಗುರುವಾರ ಹೇಗೂ ಡಾಕ್ಟರಮ್ಮ ಬರುತ್ತಾರಲ್ಲ ಎಂದಳಂತೆ.

"ಮಂಗಳವಾರಾನೇ ಬಂದಿದ್ರೆ?" ಎಂದೆ.

"ಮಗೂನ ಉಳಿಸ್ತಿದ್ದೆ ಅಂತ ಸುಳ್ಳು ಹೇಳಲ್ಲ. ಫಿಟ್ಸ್ ತಡೀಬಹುದಿತ್ತು."

ಬರೆಯುತ್ತಲೇ ಇದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮಗು ನಿಮ್ಮ ಪುಸ್ತಕಕ್ಕೆ ಒಂದು ಸಾಲಾ?"

ಪೆನ್ನು ನಿಂತಿತು. "ನಮ್ಮಕ್ಕ ಹೀಗೇ ಹೋದಳಪ್ಪಾ. ನಾನಾಗ ಇನ್ನೂ ಓದ್ತಿದ್ದೆ. ಅವಳದು ಯಾರೂ ಒಂದು ಸಾಲೂ ಬರೀಲಿಲ್ಲ."

ಮನೆಗೆ ಬಂದಮೇಲೆ ಜಯಮ್ಮನನ್ನು ಕೇಳಿದೆ, "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋ ಹಂಗೆ ಇಟ್ಕೊಂಡಿದ್ರಾ?"

ಅಷ್ಟೇ. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಡಾಕ್ಟರಮ್ಮ ಈ ವರ್ಷ ತೀರಿಕೊಂಡರು. ಪೇಪರಿನಲ್ಲಿ ಫೋಟೋ ಬಂತು. ಹೊರದೇಶದಲ್ಲಿ ಓದಿದ ಪ್ರಬಂಧ, ಸಂದ ಗೌರವ, ಎಲ್ಲ ಬರೆದಿದ್ದರು. ನಮ್ಮ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕೊಳವೆ ಹಿಡಿದದ್ದು, ನನ್ನಂಥವರಿಂದ ಮಾತು ಕೇಳಿಸಿಕೊಂಡದ್ದು ಅದರಲ್ಲಿರಲಿಲ್ಲ. ಗುರುವಾರಗಳು ಮಾತ್ರ ನಿಲ್ಲಲಿಲ್ಲ. ಅವರ ಶಿಷ್ಯೆ ಬರುತ್ತಾರೆ. ಕೊಳವೆ ಹಂಚಲು ಜಯಮ್ಮನೂ ಹೋಗುತ್ತಾಳೆ, ನನ್ನನ್ನು ಕೇಳಿ ಹೋಗುವುದಿಲ್ಲ. ಅವಳ ಬಿ.ಪಿ. ಇನ್ನೂ ಪೂರ್ತಿ ಇಳಿದಿಲ್ಲ. ಇನ್ನೊಂದು ಮಗುವಿನ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಹೋದ ವಾರ ಜೀಪು ಕೆಟ್ಟಿತ್ತು. ಅವಳನ್ನು ಆವತಿ ಹಳ್ಳಿಗೆ ಲೂನಾದಲ್ಲಿ ನಾನೇ ಕರೆದೊಯ್ದೆ. ಅಲ್ಲೊಬ್ಬ ರೇಷ್ಮೆಹುಳು ಸಾಕುವವನು ಬಾಗಿಲಿಗೆ ಅಡ್ಡ ನಿಂತ.

"ಇದು ಹುಳದ ಮನೆ ಕಣಕ್ಕಾ. ಈ ವಾಸನೆಗೆ ಹುಳ ಸಾಯ್ತವೆ. ಹೋಗಿ ಹೋಗಿ."

ಜಯಮ್ಮ ಇದಕ್ಕೆಲ್ಲ ಪಳಗಿದ್ದಾಳೆ. "ಬನ್ನಿ, ಮುಂದಿನ ವಾರ ನೋಡಾನ" ಎಂದು ತಿರುಗಿದಳು. ನನಗೆ ಕಾಲು ಏಳಲಿಲ್ಲ. ಅವನ ಮೇಲೆ ಸಿಟ್ಟು ಬಂತು. ಅವನ ಮೇಲೆ ಮಾತ್ರ ಅಲ್ಲ.

"ನನಗೂ ಒಂದು ಹೆಣ್ಮಗು ಇತ್ತು ಕಣಪ್ಪಾ" ಎಂದೆ.

"ಎಷ್ಟು ವಯಸ್ಸು?"

"ವಯಸ್ಸೇ ಆಗ್ಲಿಲ್ಲ. ನಾನೂ ನಿನ್ನಂಗೇ ಬಾಗ್ಲಲ್ಲಿ ನಿಂತಿದ್ದೆ."

ಅವನು ನನ್ನನ್ನೂ ಜಯಮ್ಮನನ್ನೂ ನೋಡಿದ. ಆಮೇಲೆ ಒಳಕ್ಕೆ ತಿರುಗಿ ಹೆಂಡತಿಯ ಹೆಸರು ಹಿಡಿದು ಕೂಗಿದ. ಅಡ್ಡ ಇಟ್ಟಿದ್ದ ಕೈ ತೆಗೆದ.

ಜಯಮ್ಮ ಚೀಲದಿಂದ ಒಂದು ಕೊಳವೆ ತೆಗೆದುಕೊಂಡು, ನನ್ನ ಕಡೆ ನೋಡದೆಯೇ ಚೀಲವನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದಳು.