ದೋಣಿಗೆ ಭಾರ ಬೇಕಿತ್ತು

ಹೋದ ವರ್ಷದ ಮಾತು. ಸಂಕ್ರಾಂತಿಗೆ ಇನ್ನೂ ಎರಡು ವಾರವಿತ್ತು. ಹಿಂದೂಪುರದಲ್ಲಿ ಬೆಳಗ್ಗೆ ತೊಟ್ಟಿಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುವಷ್ಟು ಚಳಿ. ಅಂಥ ಒಂದು ಬೆಳಗ್ಗೆ ಕಲ್ಯಾಣದುರ್ಗದಿಂದ ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಫೋನ್ ಮಾಡಿದರು. ಅವರು ಅಲ್ಲಿ ಬೋರ್‌ವೆಲ್ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಮಾತು ಬಹಳ ಕಡಿಮೆ. ಅವರಾಗಿಯೇ ಫೋನ್ ಮಾಡಿದ್ದಾರೆ ಎಂದರೆ ವಿಷಯ ಸಣ್ಣದಲ್ಲ ಅಂದುಕೊಂಡೆ.

"ರೊದ್ದಂನೋರು ಭಾನುವಾರ ಹುಡುಗೀನ ನೋಡೋಕೆ ಬತ್ತೀವಿ ಅಂದವ್ರೆ ಕಣಮ್ಮ," ಎಂದರು. "ನಮ್ ಲಾವಣ್ಯ ನೋಡಿದ್ರೆ ಫೋನೇ ಎತ್ತಾಕಿಲ್ಲ. ಎತ್ತಿದ್ರೂ ರೇಸು, ರೇಸು ಅಂತಾಳೆ. ನಾನು ಹೋದ್ರೆ ಜಗಳ ಆಯ್ತದೆ. ನೀನು ಹೋಗಿ ಕರ್ಕೊಂಡು ಬಂದ್ಬುಡು. ನಿನ್ ಮಾತು ಕೇಳ್ತಾಳೆ."

ಇಲ್ಲ ಅನ್ನಲು ನನಗೆ ಬಾಯಿ ಇರಲಿಲ್ಲ. ಏಕೆಂದರೆ ರೊದ್ದಂ ಸಂಬಂಧ ತಂದವಳು ನಾನೇ. ಹಿಂದೂಪುರದ ನನ್ನ ಬಳೆ ಅಂಗಡಿಗೆ ಬರುತ್ತಿದ್ದ, ರೊದ್ದಂ ಊರಿನ ಒಬ್ಬ ಹೆಂಗಸು ತಮ್ಮ ಮಗನ ಬಗ್ಗೆ ಹೇಳಿದ್ದರು. ಹುಡುಗ ಒಳ್ಳೆಯವನು, ಪಶುವೈದ್ಯ. ನಮ್ಮ ಲಾವಣ್ಯಳಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ನಾನೇ ಎರಡೂ ಕಡೆ ಮಾತಾಡಿ ಇಲ್ಲಿಯವರೆಗೆ ತಂದಿದ್ದೆ.

ಅಕ್ಕನ ಮಗಳು ಲಾವಣ್ಯ ಗೋವಾದಲ್ಲಿದ್ದಳು. ಕಾಲೇಜಿನಲ್ಲಿದ್ದಾಗ ಒಂದು ಕ್ಯಾಂಪಿಗೆಂದು ವಿಶಾಖಪಟ್ಟಣಕ್ಕೆ ಹೋಗಿ ಮೊದಲ ಸಲ ಹಾಯಿದೋಣಿ ಹತ್ತಿದವಳು, ಆಮೇಲೆ ಅದನ್ನು ಬಿಡಲೇ ಇಲ್ಲ. ಈಗ ಗೋವಾದ ಒಂದು ಕ್ಲಬ್ಬಿನಲ್ಲಿ ಮಕ್ಕಳಿಗೆ ದೋಣಿ ನಡೆಸುವುದನ್ನು ಕಲಿಸುತ್ತಾಳೆ. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ. ಚಳಿಗಾಲ ಬಂತೆಂದರೆ ಅಲ್ಲಿ ಪಂದ್ಯಗಳೋ ಪಂದ್ಯಗಳು. ಕಲ್ಯಾಣದುರ್ಗದಲ್ಲಿ ಹುಟ್ಟಿದ ಹುಡುಗಿಗೆ ಈ ನೀರಿನ ಹುಚ್ಚು ಎಲ್ಲಿಂದ ಬಂತೋ ನಮಗ್ಯಾರಿಗೂ ಗೊತ್ತಾಗಲಿಲ್ಲ.

ಹಿಂದೂಪುರದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಬಸ್ಸು. ಬೆಳಗ್ಗೆ ಗೋವಾದಲ್ಲಿ ಇಳಿದಾಗ ಮೈಮೇಲೆ ಸ್ವೆಟರ್ ಇತ್ತು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಲಾವಣ್ಯ ಸ್ಕೂಟರ್ ತಂದಿದ್ದಳು. ಬಿಸಿಲಿಗೆ ಸುಟ್ಟು ಕಪ್ಪಾಗಿದ್ದಳು, ಕೂದಲು ಉಪ್ಪುನೀರಿಗೆ ಕೆಂಚಗಾಗಿತ್ತು. ನನ್ನನ್ನು ನೋಡಿ ಬಂದು ಅಪ್ಪಿಕೊಂಡಳು.

"ಯಾಕ್ ಬಂದಿದ್ದೀಯ ಅಂತ ಗೊತ್ತು ಚಿಕ್ಕಮ್ಮ," ಎಂದಳು. "ಮೊದ್ಲು ಇಡ್ಲಿ ತಿನ್ನೋಣ. ಬೈಯೋದು ಆಮೇಲೆ."

ಕ್ಲಬ್ಬಿಗೆ ಹೋದಾಗ ಅಲ್ಲಿ ಗಲಾಟೆಯೋ ಗಲಾಟೆ. ಅಂದೇ ಕೊನೆಯ ಪಂದ್ಯ. ಲಾವಣ್ಯಳ ದೋಣಿ ಆವರೆಗಿನ ಪಂದ್ಯಗಳಲ್ಲಿ ಮುಂದಿತ್ತು. ಅಂದು ಮೊದಲ ಮೂರರಲ್ಲಿ ಬಂದರೆ ಸಾಕು, ಅವಳ ತಂಡಕ್ಕೆ ಶ್ರೀಲಂಕಾದಲ್ಲಿ ನಡೆಯುವ ಪಂದ್ಯಕ್ಕೆ ಹೋಗುವ ಅವಕಾಶ. ಆದರೆ ತಂಡದ ನಾಲ್ಕನೆಯವನು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದ. ಹೊರಡುವಾಗ ನಾಲ್ಕು ಜನ ಇಲ್ಲದಿದ್ದರೆ ಆ ದೋಣಿಯನ್ನು ಪಂದ್ಯಕ್ಕೆ ಬಿಡುವುದಿಲ್ಲ. ಕ್ಲಬ್ಬಿನ ಉಳಿದವರೆಲ್ಲ ಬೇರೆ ಬೇರೆ ದೋಣಿಗಳಲ್ಲಿದ್ದರು.

ಲಾವಣ್ಯಳ ಜೊತೆಗಾರರು ಇಬ್ಬರು. ಒಬ್ಬ ಅಲ್ಲಿಯವನೇ ಆದ ಜೋಯಲ್, ಇನ್ನೊಬ್ಬಳು ಬೆಳಗಾವಿ ಕಡೆಯ ಸವಿತಾ. ಮೂವರೂ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ಮಧ್ಯಾಹ್ನ ಗಾಳಿ ಜೋರಾಗುತ್ತದಂತೆ. ಆಗ ದೋಣಿ ಒಂದು ಕಡೆಗೆ ವಾಲುತ್ತದೆ. ವಾಲದಂತೆ ತಡೆಯಲು ಮೇಲೆದ್ದ ಅಂಚಿನಲ್ಲಿ ಜನ ಕೂರಬೇಕು. ಕೂತವರು ತೂಕವಾಗಿದ್ದಷ್ಟೂ ದೋಣಿ ನೆಟ್ಟಗೆ ಓಡುತ್ತದೆ. ಸವಿತಾ ಇದನ್ನೆಲ್ಲ ನನಗೆ ವಿವರಿಸುತ್ತಾ ವಿವರಿಸುತ್ತಾ ತಟ್ಟನೆ ಮಾತು ನಿಲ್ಲಿಸಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತ್ತು.

ನಾನು ದಪ್ಪ. ಇದನ್ನು ಮುಚ್ಚಿಡುವಂತೇನಿಲ್ಲ. ಶೇರ್ ಆಟೋದಲ್ಲಿ ನಾನು ಕೂತರೆ ಪಕ್ಕದವರು ನಿಟ್ಟುಸಿರು ಬಿಡುತ್ತಾರೆ. ಮದುವೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಕೊಡುವವರು ಎರಡನ್ನು ಒಂದರ ಮೇಲೊಂದು ಇಟ್ಟು ಕೊಡುತ್ತಾರೆ. ಒಬ್ಬಳು ಹುಡುಗಿ ನನ್ನ ಮೈಯನ್ನು ಹಾಗೆ ಆಸೆಯಿಂದ ನೋಡಿದ್ದು ಅದೇ ಮೊದಲು.

"ಬ್ಯಾಡ ಬ್ಯಾಡ," ಎಂದಳು ಲಾವಣ್ಯ. "ಚಿಕ್ಕಮ್ಮನ್ನ ನೀರಿಗೆ ಕರ್ಕೊಂಡು ಹೋದ್ರೆ ಅಪ್ಪ ನನ್ನ ಸಾಯಿಸ್ಬುಡ್ತಾರೆ."

ನನಗೆ ಆಗ ಒಂದು ಉಪಾಯ ಹೊಳೆಯಿತು. "ನಾನು ಬತ್ತೀನಿ ಕಣೆ," ಎಂದೆ. "ಚಿಕ್ಕೋಳಿದ್ದಾಗ ಬಾವಿಲಿ ಈಜು ಕಲ್ತಿದ್ದೀನಿ. ಆದ್ರೆ ಒಂದು ಮಾತು. ರೇಸ್ ಮುಗೀತಿದ್ದಂಗೆ ಸಾಯಂಕಾಲದ ಬಸ್ಸಿಗೆ ನನ್ ಜೊತೆ ಊರಿಗೆ ಬರ್ಬೇಕು. ರೊದ್ದಂನೋರ ಮುಂದೆ ಕೂತ್ಕೋಬೇಕು. ಒಪ್ತೀಯಾ?"

ಲಾವಣ್ಯ ಒಮ್ಮೆ ಸಮುದ್ರದ ಕಡೆ ನೋಡಿದಳು. ಆಮೇಲೆ ನನ್ನ ಕೈಮೇಲೆ ಕೈಯಿಟ್ಟು, "ಸರೆ," ಎಂದಳು.

ಜ್ವರ ಬಂದವನ ಟ್ರ್ಯಾಕ್ ಪ್ಯಾಂಟು, ದೊಡ್ಡದೊಂದು ಟೀ ಶರ್ಟು, ಅದರ ಮೇಲೆ ಲೈಫ್ ಜಾಕೆಟ್. ಹುಟ್ಟಿದಾಗಿನಿಂದ ನಾನು ಪ್ಯಾಂಟ್ ಹಾಕಿದವಳಲ್ಲ. ಕನ್ನಡಿ ಇಲ್ಲದ್ದು ಒಳ್ಳೆಯದೇ ಆಯಿತು. ಮೊದಲು ದಡದ ಹತ್ತಿರ ಸೊಂಟದಷ್ಟು ನೀರಿನಲ್ಲಿ ನಿಲ್ಲಿಸಿ, ಮುಂದಕ್ಕೆ ಬೀಳಿಸಿ, ಜಾಕೆಟ್ ನನ್ನನ್ನು ಹೊರುತ್ತದೋ ಇಲ್ಲವೋ ಎಂದು ಲಾವಣ್ಯ ಪರೀಕ್ಷೆ ಮಾಡಿದಳು. ಹೊತ್ತಿತು. ಆ ನೀರು ಎಷ್ಟು ಬೆಚ್ಚಗಿತ್ತೆಂದರೆ, ಯಾರೋ ನನಗಾಗಿ ಕಾಯಿಸಿ ಇಟ್ಟಂತೆ ಅನ್ನಿಸಿತು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಪಂದ್ಯ ಶುರುವಾಯಿತು. ಹತ್ತಾರು ದೋಣಿಗಳು, ಎಲ್ಲದರ ಮೇಲೂ ಬಿಳಿ ಹಾಯಿ. ಹಾರ್ನ್ ಊದಿದ್ದೇ ತಡ, ಎಲ್ಲವೂ ಒಂದೇ ಕಡೆಗೆ ಮುಖ ತಿರುಗಿಸಿದವು. ಎಂಜಿನ್ ಇಲ್ಲ, ಹೊಗೆ ಇಲ್ಲ. ಇಷ್ಟು ವೇಗದಲ್ಲಿ ಹೋಗುವ ವಸ್ತು ಸದ್ದೇ ಮಾಡದೆ ಹೋಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಅಂಚಿನಲ್ಲಿ ಕೂತು ಕಾಲನ್ನು ನೀರಿನ ಕಡೆಗೆ ಇಳಿಬಿಟ್ಟಿದ್ದೆ. ಪಕ್ಕದಲ್ಲಿ ಸವಿತಾ. ಹಿಂದೆ ಚುಕ್ಕಾಣಿ ಹಿಡಿದು ಲಾವಣ್ಯ.

ನನ್ನ ಕೆಲಸ ಇಷ್ಟೇ. ಲಾವಣ್ಯ "ತಿರುಗ್ತೀವಿ!" ಎಂದು ಕೂಗಿದ ಕೂಡಲೇ ತಲೆ ಬಗ್ಗಿಸಬೇಕು. ಹಾಯಿಯ ಕೆಳಗಿನ ಉದ್ದನೆಯ ಕಂಬ ಈ ಕಡೆಯಿಂದ ಆ ಕಡೆಗೆ ಬೀಸಿ ಹೋಗುತ್ತದೆ. ನಾನು ಅದರ ಅಡಿಯಲ್ಲಿ ಅಂಬೆಗಾಲಿಟ್ಟು ಇನ್ನೊಂದು ಅಂಚಿಗೆ ಹೋಗಿ ಕೂರಬೇಕು. ಮೊದಲ ಸಲ ನಡುವೆಯೇ ಸಿಕ್ಕಿಕೊಂಡೆ. ಜೋಯಲ್ ಹಿಂದಿನಿಂದ ದಬ್ಬಿದ. ನಾಚಿಕೆಯಿಂದ ಸತ್ತಂತಾಯಿತು. ಎರಡನೆಯ ಸಲ ನಾನೇ ದಾಟಿದೆ.

"ಸೂಪರ್ ಚಿಕ್ಕಮ್ಮ!" ಎಂದು ಕೂಗಿದಳು ಲಾವಣ್ಯ. "ನಿನ್ನಿಂದ ದೋಣಿ ಹೆಂಗೆ ಹೋಯ್ತೈತೆ ನೋಡು!"

ಅವಳ ಕಡೆ ತಿರುಗಿ ನೋಡಿದೆ. ಮನೆಯಲ್ಲಿ ಲಾವಣ್ಯ ಯಾವತ್ತೂ ಗೋಡೆಗೆ ಒರಗಿಕೊಂಡು, ಫೋನ್ ನೋಡುತ್ತಾ, ಕೇಳಿದ್ದಕ್ಕೆ ಹೂಂ ಅನ್ನುವ ಹುಡುಗಿ. ಇಲ್ಲಿ ಅವಳು ಒಮ್ಮೆ ಹಾಯಿಯ ತುದಿ ನೋಡುತ್ತಿದ್ದಳು, ಒಮ್ಮೆ ದೂರದ ನೀರು ನೋಡುತ್ತಿದ್ದಳು. ಗಾಳಿ ನಮ್ಮನ್ನು ಮುಟ್ಟುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ನೀರಿನ ಮೇಲೆ ಅಲ್ಲಲ್ಲಿ ಕಪ್ಪಗೆ ಸುಕ್ಕು ಬಿದ್ದಂತೆ ಕಾಣುತ್ತದೆ, ಅದೇ ಗಾಳಿ ಎಂದು ಆಮೇಲೆ ಹೇಳಿದಳು. ನನಗೆ ಅದೆಲ್ಲ ಗೊತ್ತಿರಲಿಲ್ಲ. ನನಗೆ ಕಂಡದ್ದು ಅವಳ ಮುಖ ಮಾತ್ರ.

ಕೊನೆಯ ಸುತ್ತಿನಲ್ಲಿ ನಾವು ಎರಡನೆಯವರಾಗಿದ್ದೆವು. ನೀರಿನ ಮೇಲೆ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ದೊಡ್ಡ ಚೆಂಡನ್ನು ಸುತ್ತಿ ತಿರುಗಿದರೆ ಮುಂದೆ ನೇರ ದಾರಿ. "ತಿರುಗ್ತೀವಿ!" ಎಂದಳು. ನಾನು ಬಗ್ಗಿದೆ. ಅದೇ ಹೊತ್ತಿಗೆ ಗಾಳಿ ಬೀಸಿ ಹೊಡೆಯಿತು. ನನ್ನ ಮಂಡಿಯ ಕೆಳಗೆ ಒದ್ದೆ ಹಗ್ಗವೊಂದು ಜಾರಿತು. ನಾನು ಹೋಗಬೇಕಾಗಿದ್ದು ಮೇಲಿನ ಅಂಚಿಗೆ, ಹೋದದ್ದು ಕೆಳಗಿನ ಅಂಚಿಗೆ. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ನೀರಿನೊಳಗೆ ಹೋದೆ. ಮೂಗಿಗೆ, ಬಾಯಿಗೆ ಉಪ್ಪು ನುಗ್ಗಿತು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಜಾಕೆಟ್ ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿದಂತೆ ಮೇಲಕ್ಕೆ ಎಳೆಯಿತು. ಕೆಮ್ಮಿ, ಉಗುಳಿ ಕಣ್ಣು ಬಿಟ್ಟಾಗ ನಮ್ಮ ದೋಣಿ ಆಗಲೇ ದೂರ ಹೋಗಿತ್ತು. ಹಿಂದಿದ್ದ ಒಂದು ದೋಣಿ ನನ್ನನ್ನು ಬಳಸಿಕೊಂಡು ದಾಟಿತು. ಅದರಲ್ಲಿದ್ದವರು ಏನೋ ಕೂಗಿದರು. ನಾನು ಕೈಯೆತ್ತಿದೆ, ಸರಿಯಾಗಿದ್ದೇನೆ ಎಂದು ಹೇಳಲು. ಪಂದ್ಯವನ್ನು ಕಾಯುವ ಮೋಟಾರ್ ಬೋಟು ದೂರದಲ್ಲಿ, ಇನ್ನೊಂದು ತುದಿಯಲ್ಲಿತ್ತು.

ಆಮೇಲೆ ಎಲ್ಲ ನಿಶ್ಶಬ್ದವಾಯಿತು.

ಅದನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಜಾಕೆಟ್ ನನ್ನನ್ನು ತಾನಾಗಿ ಅಂಗಾತ ಮಲಗಿಸಿತು. ಕಿವಿ ನೀರಿನೊಳಗೆ ಇತ್ತು. ಕೇಳುತ್ತಿದ್ದುದು ನನ್ನ ಉಸಿರು ಮಾತ್ರ, ಅದೂ ಬೇರೆ ಯಾರದೋ ಉಸಿರಿನ ಹಾಗೆ. ಅಲೆ ಬಂದಾಗ ಮೆಲ್ಲಗೆ ಮೇಲೆ ಹೋಗುತ್ತಿದ್ದೆ, ಮೆಲ್ಲಗೆ ಕೆಳಗೆ ಬರುತ್ತಿದ್ದೆ. ಮೇಲೆ ಹೋದಾಗ ದೂರದಲ್ಲಿ ಬಿಳಿ ಹಾಯಿಗಳು ಕಾಣುತ್ತಿದ್ದವು. ಕೆಳಗೆ ಬಂದಾಗ ಆಕಾಶ ಬಿಟ್ಟರೆ ಏನೂ ಇಲ್ಲ. ಒಂದು ಗರುಡ ಬಹಳ ಎತ್ತರದಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ನನ್ನ ಕೈ, ಕಾಲು, ಹೊಟ್ಟೆ ಯಾವುದಕ್ಕೂ ಭಾರವೇ ಇರಲಿಲ್ಲ. ನೀರು ಎಲ್ಲಿ ಮುಗಿದು ನಾನು ಎಲ್ಲಿ ಶುರುವಾಗುತ್ತೇನೆ ಎಂಬುದೇ ತಿಳಿಯದಷ್ಟು ಬೆಚ್ಚಗಿತ್ತು. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಬಹುಶಃ ಎರಡು ಮೂರು ನಿಮಿಷ ಇರಬಹುದು. ನನಗೆ ಅದು ಒಂದು ಮಧ್ಯಾಹ್ನದಷ್ಟು ಉದ್ದವಿತ್ತು.

ಒಂದು ಅಲೆ ನನ್ನನ್ನು ಮೇಲೆತ್ತಿದಾಗ ನೋಡಿದೆ. ಎಲ್ಲ ಹಾಯಿಗಳೂ ಒಂದು ಕಡೆಗೆ ಹೋಗುತ್ತಿದ್ದವು. ಒಂದು ಹಾಯಿ ಮಾತ್ರ ಎದುರು ದಿಕ್ಕಿನಲ್ಲಿ ನನ್ನ ಕಡೆಗೆ ಬರುತ್ತಿತ್ತು.

ಲಾವಣ್ಯ ದೋಣಿಯನ್ನು ತಂದು ನನ್ನ ಪಕ್ಕದಲ್ಲೇ, ಕೈಗೆ ಸಿಗುವಷ್ಟು ಹತ್ತಿರ ನಿಲ್ಲಿಸಿದಳು. ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು.

"ಚಿಕ್ಕಮ್ಮ! ಏಟು ಬಿತ್ತಾ? ಮಾತಾಡು ಚಿಕ್ಕಮ್ಮ!"

"ಏನೂ ಆಗಿಲ್ಲ ಕಣೆ. ನೀನ್ಯಾಕೆ ಬಂದೆ? ಆ ಬೋಟ್‌ನೋರು ಬತ್ತಿದ್ರಲ್ಲ. ರೇಸು?"

"ಬಾಯ್ಮುಚ್ಕೊಂಡು ಕೈ ಕೊಡು," ಎಂದಳು. ನನ್ನ ಅಕ್ಕನ ದನಿ ಕೇಳಿದಂತಾಯಿತು.

ಮೂವರೂ ಸೇರಿ ಎಳೆದರು. ಮೊದಲ ಸಲ ನಾನು ಅರ್ಧ ಬಂದು ಮತ್ತೆ ನೀರಿಗೆ ಜಾರಿದೆ. ಎರಡನೆಯ ಸಲ ಟ್ರ್ಯಾಕ್ ಪ್ಯಾಂಟ್ ಸೊಂಟದಿಂದ ಜಾರಿತು, ನಾನು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೆ. ಸವಿತಾಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ನೋಡಿ ನನಗೂ ನಗು ಬಂತು. ನಗುವವರನ್ನು ಎತ್ತುವುದು ಇನ್ನೂ ಕಷ್ಟವಂತೆ. ಕೊನೆಗೆ ಕಡ್ಲೆಕಾಯಿ ಮೂಟೆಯಂತೆ ದೋಣಿಯೊಳಕ್ಕೆ ದೊಪ್ಪೆಂದು ಬಿದ್ದೆ. ಲಾವಣ್ಯ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಗಳಗಳ ಅತ್ತಳು. ಜೋಯಲ್ ಮುಂದಿನ ದೋಣಿಗಳ ಕಡೆಗೆ ನೋಡಲೇ ಇಲ್ಲ.

ಆಮೇಲೆ ನಾವು ಪಂದ್ಯ ಮುಗಿಸಿದೆವು. ಕೊನೆಯಿಂದ ಎರಡನೆಯವರು. ಶ್ರೀಲಂಕಾಕ್ಕೆ ಬೇರೆ ತಂಡ ಹೋಯಿತು.

ಸಾಯಂಕಾಲ ಲಾವಣ್ಯಳ ರೂಮಿನಲ್ಲಿ ನಾನು ತಲೆ ಒರೆಸಿಕೊಳ್ಳುತ್ತಿದ್ದೆ. ಅವಳು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಒಂದು ಸೀರೆಯನ್ನೂ ಇಟ್ಟುಕೊಂಡಳು. ಕೊಟ್ಟ ಮಾತಿನ ಬಗ್ಗೆ ಒಂದು ಶಬ್ದವೂ ಆಡಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಅವಳನ್ನು ಹಾಗೆ ಕರೆದೊಯ್ಯಲು ನನ್ನ ಕೈಲಿ ಆಗಲಿಲ್ಲ.

"ಬ್ಯಾಗ್ ತೆಗೆದು ಆ ಕಡೆ ಇಡು," ಎಂದೆ.

"ಮಾತು ಕೊಟ್ಟಿದ್ದೀನಲ್ಲ ಚಿಕ್ಕಮ್ಮ."

"ಕೊಟ್ಟಿದ್ದು ನನಗೆ ತಾನೆ? ನಾನೇ ಬ್ಯಾಡ ಅಂತಿದ್ದೀನಿ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ."

ಅಂದದ್ದು ಸುಲಭ. ಮಾರನೆಯ ದಿನ ಒಬ್ಬಳೇ ಕಲ್ಯಾಣದುರ್ಗದಲ್ಲಿ ಬಸ್ಸಿಳಿದು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಾ ನಡೆದೆ. ಭಾವ ಮನೆ ಮುಂದೆಯೇ ನಿಂತಿದ್ದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಒಳಗೆ ಹೋದರು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಳು. ನಾನು ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಪ್ಯಾಂಟ್ ಹಾಕಿದ್ದನ್ನೂ ಬಿಡಲಿಲ್ಲ. ಭಾವ ತಲೆ ತಗ್ಗಿಸಿ ಕೇಳಿದರು.

"ನೀನು ಬಿದ್ದಾಗ ಅವ್ಳು ಗೆಲ್ಲೋ ಹಂಗಿದ್ಲಾ?" ಎಂದು ಕೇಳಿದರು.

"ಎರಡನೇಳು ಭಾವ. ಹಂಗೇ ಹೋಗಿದ್ರೆ ಶ್ರೀಲಂಕಾಕ್ಕೆ ಹೋಯ್ತಿದ್ಲು."

"ತಿರುಗಿ ಬರೋಕೆ ಯೋಚ್ನೆ ಮಾಡಿದ್ಲಾ?"

"ಇಲ್ಲ ಭಾವ. ಒಂದು ಗಳಿಗೆನೂ ಇಲ್ಲ."

ಭಾವ ಎದ್ದು ಹೊರಗೆ ಹೋದರು. ಕಿಟಕಿಯಿಂದ ಅವರ ಮಾತು ಕೇಳಿಸುತ್ತಿತ್ತು. ರೊದ್ದಂನವರಿಗೆ ಫೋನ್ ಮಾಡಿ, ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ, ಭಾನುವಾರ ಬರುವುದು ಬೇಡ, ತಪ್ಪು ತಿಳಿಯಬೇಡಿ, ಹುಡುಗಿಗೆ ಅಲ್ಲಿ ಕೆಲಸವಿದೆ ಎಂದರು. ಒಳಗೆ ಬಂದು ಅಕ್ಕನಿಗೆ, "ಅವಳಿಗೆ ಊಟಕ್ಕಿಡು, ದೂರದಿಂದ ಬಂದವ್ಳೆ," ಎಂದರು. ಅಷ್ಟೇ. ರೊದ್ದಂನ ಆ ಹೆಂಗಸು ಮಾತ್ರ ಇವತ್ತಿಗೂ ನನ್ನ ಅಂಗಡಿಗೆ ಬಂದಿಲ್ಲ. ಅವರ ಸಿಟ್ಟಿಗೆ ಅರ್ಥವಿದೆ.

ಈ ಕಥೆ ಕೇಳಿದವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ, ನಡುಸಮುದ್ರದಲ್ಲಿ ಬಿದ್ದಾಗ ಭಯ ಆಗಲಿಲ್ಲವಾ ಎಂದು. ಆಯಿತು ಎನ್ನುತ್ತೇನೆ. ಹಾಗೆಂದರೆ ಅವರಿಗೆ ಸಮಾಧಾನ. ನಿಜ ಏನೆಂದರೆ, ನನಗಾಗಿ ಹಿಂದಿರುಗುತ್ತಿದ್ದ ಆ ಒಂದೇ ಹಾಯಿಯನ್ನು ಕಂಡಾಗ ನನ್ನ ಕಣ್ಣು ತುಂಬಿ ಬಂದಿತ್ತು. ಆದರೆ ಅದರ ಜೊತೆಗೇ ಮನಸ್ಸಿನ ಯಾವುದೋ ಮೂಲೆಯಲ್ಲಿ, ಇಷ್ಟು ಬೇಗ ಯಾಕೆ ಬಂದರು, ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಏನಾಗುತ್ತಿತ್ತು ಅಂತಲೂ ಅನ್ನಿಸಿತ್ತು. ಇದನ್ನು ನಾನು ಲಾವಣ್ಯಳಿಗೂ ಹೇಳಿಲ್ಲ.